ಕಂಡಕ್ಟರ್ ಶಂಕ್ರಪ್ಪನ ಕೂಗು

ಶಂಕ್ರಪ್ಪ ಕಂಡಕ್ಟರನಾಗಿದ್ದ ಕಾಲದಲ್ಲಿ ಬಾಗಲಕೋಟೆಯ ಬಸ್‌ಸ್ಟ್ಯಾಂಡಿಗೆ ಮೈಕು ಬೇಕಾಗಿರಲಿಲ್ಲ, ಅಂಥ ಗಂಟಲು. ಕಮತಗಿಯ ಮನೆಗೆ ಬಂದರೂ ಅದೇ ಧಾಟಿ. ಅವನು ಚಹಾ ಕೇಳಿದರೆ ಪಕ್ಕದ ಓಣಿಯವರೂ ಒಲೆ ಹಚ್ಚಬೇಕು. ಹೆಂಡತಿ ಲಗಮವ್ವನ ಅರ್ಧ ಸಂಸಾರ ಅವನನ್ನು ಗದರಿಸುವುದರಲ್ಲೇ ಕಳೆಯಿತು: "ಸಣ್ಣಗ ಮಾತಾಡ್ರಿ. ಇದು ಮನಿ, ಬಸ್‌ಸ್ಟ್ಯಾಂಡ ಅಲ್ಲ."

ನಿವೃತ್ತಿಯಾದ ಮೇಲೆ ಗಂಟಲಿನ ಆಪರೇಶನ್ ಆಯಿತು. ಉಸಿರು ಉಳಿಯಿತು, ಧ್ವನಿ ಹೋಯಿತು. ಈಗ ಅವನ ಮಾತೆಲ್ಲ ಹಳೆಯ ಸೀಟಿಯಲ್ಲೇ. ಅದೂ ಬಸ್ಸಿನ ಲೆಕ್ಕವೇ: ಒಂದು ಸೀಟಿ ಊದಿದರೆ ನಿಲ್ಲು, ಎರಡು ಊದಿದರೆ ನಡೆ. ಲಗಮವ್ವನಿಗೆ ಎಲ್ಲ ತಿಳಿಯುತ್ತದೆ. ಆದರೂ ಮನೆ ಬಿಕೋ ಎನ್ನುತ್ತದೆ. ಇತ್ತೀಚೆಗೆ ಅವನ ಧ್ವನಿಯನ್ನು ನೆನಪು ಮಾಡಿಕೊಳ್ಳಲು ಹೋದರೆ ಅದು ಸಿಗುತ್ತಲೇ ಇರಲಿಲ್ಲ. ಅವಳಿಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಮೊನ್ನೆ ಬಾಗಲಕೋಟೆಯ ದವಾಖಾನೆಯಲ್ಲಿ ತೋರಿಸಿಕೊಂಡು, ಊರಿನ ಬಸ್ಸಿಗೆ ಕಾಯುತ್ತ ಇಬ್ಬರೂ ಸ್ಟ್ಯಾಂಡಿನಲ್ಲಿ ಕೂತಿದ್ದರು. ಇದ್ದಕ್ಕಿದ್ದಂತೆ ತಲೆಯ ಮೇಲಿಂದ ಒಂದು ಕೂಗು ಬಂತು:

"ಶಿರೂರ, ಕಮತಗಿ, ಹುನಗುಂದ, ಇಳಕಲ್ಲ ಹತ್ರೀ... ಯಮ್ಮಾ, ಆ ಕೋಳಿ ತೊಡಿಮ್ಯಾಲ ಇಟ್ಕೋ, ಇಲ್ಲಂದ್ರ ಅದಕ್ಕೂ ಟಿಕೀಟ ಹರೀತೇನಿ."

ನಾಲ್ಕಾರು ಜನ ಗಂಟುಮೂಟೆ ಎತ್ತಿಕೊಂಡು ಓಡಿದರು. ಲಗಮವ್ವನೂ ಚೀಲ ಹಿಡಿದು ಎದ್ದೇಬಿಟ್ಟಳು. ಬಸ್ಸು ಎಲ್ಲೂ ಇರಲಿಲ್ಲ. ಗಂಡನತ್ತ ತಿರುಗಿದರೆ ಅವನು ಬಾಯಿ ತೆರೆದುಕೊಂಡು ಮೇಲೆ ನೋಡುತ್ತಿದ್ದ. ಧ್ವನಿ ಅವನದೇ.

ಗೀತಾಂಜಲಿ ಎಂಬ ಹುಡುಗಿ ನಗುತ್ತ ಬಂದು ಓಡಿದವರನ್ನು ವಾಪಸು ಕರೆದಳು. ಅವಳು ಕಲೆ ಕಲಿಯುವವಳು. ಜನರ ಮನೆಯ ಹಳೇ ಕ್ಯಾಸೆಟ್ಟುಗಳಲ್ಲಿದ್ದ ಬಸ್‌ಸ್ಟ್ಯಾಂಡಿನ ಸದ್ದುಗಳನ್ನೆಲ್ಲ ಕೂಡಿಸಿ ಸ್ಪೀಕರಿನಲ್ಲಿ ಹಾಕಿದ್ದಾಳಂತೆ. ಅದೂ ಒಂದು ಕಲೆಯಂತೆ. ಎಲ್ಲ ಮುಗಿದ ಮೇಲೆ ಮತ್ತೆ ಮೊದಲಿನಿಂದ ಬರುತ್ತದಂತೆ.

ಅಷ್ಟರಲ್ಲಿ ನಿಜವಾದ ಬಸ್ಸೇ ಬಂತು. ಇದು ತಪ್ಪಿದರೆ ಊರು ಮುಟ್ಟುವುದು ಕತ್ತಲಾದ ಮೇಲೆಯೇ. ಶಂಕ್ರಪ್ಪ ಎದ್ದು ಜೇಬಿನಿಂದ ಸೀಟಿ ತೆಗೆದು ಎರಡು ಸಲ ಊದಿದ. ಲಗಮವ್ವ ಚೀಲ ಕೆಳಗಿಟ್ಟು ಮತ್ತೆ ಕೂತುಬಿಟ್ಟಳು. ಕಣ್ಣು ತುಂಬಿಕೊಂಡಿದ್ದಳು.

"ತಡೀರಿ," ಎಂದಳು. "ನೀವು ಇನ್ನೊಮ್ಮಿ ಒದರ್ತೀರಂತ. ಕೇಳೇ ಹೋಗೂಣು."

ಅವನು ಬಸ್ಸು ನೋಡಿದ, ಅವಳನ್ನು ನೋಡಿದ. ಮೆಲ್ಲಗೆ ಒಂದೇ ಸೀಟಿ ಊದಿ ಅವಳ ಪಕ್ಕದಲ್ಲಿ ಕೂತ.