ಡ್ರಿಪ್ ಪ್ಯಾಕೆಟ್ಟಿಗೆ ತಂಗಿಯ ತಪಾಸಣೆ

ಇವತ್ತು ಕೊಪ್ಪದ ಒಂದು ನರ್ಸಿಂಗ್ ಹೋಮಲ್ಲಿ ನನ್ನ ತಂಗಿ, ನರ್ಸ್ ಕೈಲಿದ್ದ ಡ್ರಿಪ್ ಟ್ಯೂಬಿನ ಪ್ಯಾಕೆಟ್ಟನ್ನೇ ಕಿತ್ಕೊಂಡಳು ಮಾರಾಯ್ರೇ! ಜ್ವರ ಬಂದು ಮಲಗಿದ್ದ ಅಪ್ಪನಿಗೆ ಹಾಕೋಕೆ ತಂದದ್ದು. ಇವಳು ಅದನ್ನ ಕಿಟಕಿ ಬೆಳಕಿಗೆ ಹಿಡಿದು, ಅಂಚಿನ ಸುತ್ತ ಬೆರಳು ಆಡಿಸ್ತಾ ನಿಂತಳು.

"ಎಂತ ನೋಡ್ತೀರಿ? ಅದು ಫಾರಿನ್ ಕಂಪನೀದು," ಅಂದರು ನರ್ಸ್.

"ಹೆಸರು ಮಾತ್ರ ಫಾರಿನ್ನಿಂದು ಅಕ್ಕ. ಮಾಡೋದು ನಮ್ಮ ಫ್ಯಾಕ್ಟರೀಲೇ, ಫಾರಿನ್ನಿಗೂ ಇಲ್ಲಿಂದಲೇ ಹೋಗೋದು. ದಿನಾ ಹೀಗೆ ನೋಡೋದೇ ನನ್ನ ಕೆಲಸ. ಇಲ್ಲಿ ಮೂಲೇಲಿ ಸೀಲ್ ಬಿಟ್ಟಿದೆ, ಒಳಗೆ ಗಾಳಿ ಹೋಗಿರ್ತದೆ, ಇದು ಬೇಡ."

ನರ್ಸ್ ಮುಖ ಊದಿಸಿಕೊಂಡೇ ಬೆಳಕಿಗೆ ಹಿಡಿದು ನೋಡಿದರು. ಕೂದಲೆಳೆಯಷ್ಟು ಬಿಟ್ಟಿದ್ದು ಹೌದು. ತಂಗಿ ಬ್ಯಾಚ್ ನಂಬರಿನ ಫೋಟೋ ತೆಗೆದು ತನ್ನ ಸೂಪರ್‌ವೈಸರಿಗೂ ಕಳಿಸಿದಳು. ತಮ್ಮದೇ ಮಾಲು ಅಂತ ಮುಚ್ಚಿಡೋ ಜಾತಿ ಅಲ್ಲ ಅವಳು.

ನರ್ಸ್ ಇನ್ನೊಂದು ಪ್ಯಾಕೆಟ್ ತಂದರು. ಬಿಚ್ಚಲಿಲ್ಲ. ಮೊದಲು ತಂಗಿ ಕೈಗೇ ಕೊಟ್ಟರು!

ಮೂರು ವರ್ಷದಿಂದ ನೆಂಟರಿಗೆಲ್ಲ "ಇವಳದ್ದು ಎಂತದೋ ಪ್ಲಾಸ್ಟಿಕ್ ಪೈಪಿನ ಕೆಲಸ" ಅಂತಲೇ ಹೇಳಿಕೊಂಡು ಬಂದ ಅಪ್ಪ, ಡ್ರಿಪ್ ಹಾಕಿದ್ದೇ ತಡ, ಪಕ್ಕದ ಮಂಚದವರ ಕಡೆ ತಿರುಗಿದರು: "ನನ್ನ ಮಗಳು. ಇವಳು ಪಾಸ್ ಮಾಡದೆ ಫಾರಿನ್ನಿಗೂ ಒಂದು ಪೈಪ್ ಹೋಗೋದಿಲ್ಲ."