ಹದಿನೆಂಟು ಕರೆಂಟು, ಎರಡು ಬ್ಯಾರನ್

ಸಾವು ಎದುರಿಗೆ ಬಂದು ಕೂತಾಗ ಮನುಷ್ಯ ತಾನು ಬದುಕಿದ ಬದುಕಿನ ಅರ್ಥವನ್ನು ಹುಡುಕತೊಡಗುತ್ತಾನೆ. ನನ್ನ ಭಾವ ಮಾತ್ರ ಸೌದೆ ಹುಡುಕುತ್ತಿದ್ದರು.

ಅವರು ಅಕ್ಕನ ಗಂಡ, ಕಂಪಲಾಪುರದ ಹತ್ತಿರ ತಂಬಾಕು ಬೆಳೆಯುತ್ತಿದ್ದವರು. ಸಿಗರೇಟಿಗೆ ಹೋಗುವ ಸೊಪ್ಪನ್ನು ಜೀವಮಾನವಿಡೀ ಬೇಯಿಸಿಯೂ ಒಂದು ದಿನವೂ ಸಿಗರೇಟು ಮುಟ್ಟದ ಶುದ್ಧಾಚಾರಿ. ಎಲೆಅಡಿಕೆಯ ಜೊತೆ ತಂಬಾಕಿನ ಕಡ್ಡಿಪುಡಿಯನ್ನು ದವಡೆಗೆ ಒತ್ತಿಕೊಳ್ಳುತ್ತಿದ್ದರು, ಅದನ್ನು ಚಟವೆಂದು ಯಾರೂ ಭಾವಿಸಿರಲಿಲ್ಲ. ಆ ದವಡೆಯಲ್ಲೇ ಎದ್ದ ಹುಣ್ಣು ಮಾಯದೆ ಕ್ಯಾನ್ಸರ್ ಎನಿಸಿಕೊಂಡಿತು. ಆಪರೇಷನ್ ಆಯಿತು. ಆಮೇಲೆ ಮೈಸೂರಿನ ಆಸ್ಪತ್ರೆಯಲ್ಲಿ ಮೂವತ್ತು ಸಲ ವಿಕಿರಣ ಚಿಕಿತ್ಸೆ. ನಮ್ಮ ಕಡೆ ಅದನ್ನು ಕರೆಂಟು ಕೊಡಿಸುವುದು ಎನ್ನುತ್ತಾರೆ. ಒಂದು ದಿನವೂ ತಪ್ಪಿಸಬೇಡಿ ಎಂದು ಡಾಕ್ಟರು ಹೇಳಿದ್ದನ್ನು ನಾನೂ ಕೇಳಿದ್ದೆ. ಗಣಿತದ ಮೇಷ್ಟ್ರಾಗಿ ನಿವೃತ್ತನಾಗಿ ಹುಣಸೂರಿನಲ್ಲಿ ಕೂತಿದ್ದ ನಾನೇ ಅವರನ್ನು ದಿನವೂ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದೆ.

ಹದಿನೆಂಟು ಕರೆಂಟು ಮುಗಿಯುವ ಹೊತ್ತಿಗೆ ಅವರ ಕತ್ತು ಸುಟ್ಟ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಗಂಟಲಲ್ಲಿ ಇಳಿಯುತ್ತಿದ್ದುದು ಅರ್ಧ ಲೋಟ ರಾಗಿ ಅಂಬಲಿ. ಅದೇ ಹೊತ್ತಿಗೆ ಹೊಲದಲ್ಲಿ ಸೊಪ್ಪು ಮಾಗಿತು. ಅದನ್ನು ಮುರಿದು, ಬ್ಯಾರನ್ ಎಂಬ ಎತ್ತರದ ಕೋಣೆಯಲ್ಲಿ ತೂಗುಹಾಕಿ, ಆರೇಳು ದಿನ ಬಿಡದೆ ಸೌದೆ ಉರಿಸಿ ಶಾಖ ಕೊಡಬೇಕು. ಶಾಖ ಏರಿಸುವ ಗಳಿಗೆ ತಪ್ಪಿದರೆ ಚಿನ್ನದ ಬಣ್ಣ ಬರುವ ಕಡೆ ಮಸಿ ಬರುತ್ತದೆ. ಆ ಗಳಿಗೆಯನ್ನು ಆಳುಗಳಿಗೆ ಒಪ್ಪಿಸುವ ಮನುಷ್ಯ ಭಾವ ಅಲ್ಲ.

"ಎರಡು ಬ್ಯಾರನ್ ಬೇಯಿಸ್ಕಂಡು ಬತ್ತೀನಿ ಕಣ್ಲಾ. ಹದ್ನೆಂಟು ಆಗ್ಯದೆ. ಮಿಕ್ಕಿದ ಹನ್ನೆರಡ ಆಮೇಲೆ ತಕಂಡ್ರೆ ಮೂವತ್ತಾಗಲ್ವಾ? ಮೇಷ್ಟ್ರು ನೀನು, ನೀನೇ ಹೇಳು."

ಆಗುತ್ತಿತ್ತು. ಎಷ್ಟೋ ವರ್ಷ ಲೆಕ್ಕ ಹೇಳಿಕೊಟ್ಟ ನನಗೆ ಅದರಲ್ಲಿ ತಪ್ಪು ಕಾಣಲಿಲ್ಲ.

ಅಕ್ಕ ಗಂಡನೊಡನೆ ನೇರವಾಗಿ ಜಗಳವಾಡುವವಳಲ್ಲ, ನನ್ನ ಮೂಲಕ ಆಡುವವಳು. "ನಡುವೆ ಬೆಂಕಿ ಆರಿದ್ರೆ ಸೊಪ್ಪು ಕೆಡ್ತದೆ ಅಂತ ಊರಿಗೆಲ್ಲ ಬುದ್ಧಿ ಯೋಳ್ತಾರಲ್ಲ, ಕತ್ತಿಗೆ ಬ್ಯಾರೆ ನ್ಯಾಯವಾ ಅಂತ ಕೇಳ್ಲಾ ನಿಮ್ ಭಾವನ್ನ."

"ಮನ್ಸ ತಡ್ಕತಾನೆ ಕಣಮ್ಮಿ. ಸೊಪ್ಪು ತಡ್ಕಳಾಕಿಲ್ಲ."

"ಓಹೋ, ತಡ್ಕಳೋ ಮನ್ಸ! ಅಂಬ್ಲಿ ನುಂಗಕ್ಕೆ ಕಣ್ಣಲ್ಲಿ ನೀರ್ ಹಾಕ್ತಾನೆ."

ಭಾವ ನಕ್ಕರು. ಬಾಯಿ ತೆರೆಯಲು ಆಗದ್ದರಿಂದ ಮೂಗಿನಲ್ಲೇ ನಕ್ಕರು.

ರೋಗಿಗೆ ಜ್ವರವೆಂದು ಆಸ್ಪತ್ರೆಗೆ ಫೋನು ಮಾಡುವ ಗುರುತರ ಜವಾಬ್ದಾರಿ ವಿದ್ಯಾವಂತನೆಂಬ ಕಾರಣಕ್ಕೆ ನನ್ನ ಪಾಲಿಗೆ ಬಂತು. ಸ್ಪಷ್ಟ ಉಚ್ಚಾರಣೆಯಲ್ಲಿ ಸುಳ್ಳು ಹೇಳಿದೆ. "ಜ್ವರ ಇದ್ರೂ ಕರ್ಕೊಂಡು ಬನ್ನಿ, ನಾವು ನೋಡ್ತೀವಿ" ಎಂದಳು ನರ್ಸ್. ಆಗಲಮ್ಮ ಎಂದು ಫೋನಿಟ್ಟೆ.

ಎರಡು ಬ್ಯಾರನ್ನಿಗೆ ಹದಿನಾಲ್ಕು ದಿನ ಹಿಡಿಯಿತು. ಬಣ್ಣ ನಿಜಕ್ಕೂ ಚೆನ್ನಾಗಿ ಬಂತು. ಬಿಡುವಿನಲ್ಲಿ ಗಂಟಲೂ ಕೊಂಚ ಆರಿ, ಭಾವ ಎರಡು ತುತ್ತು ಮುದ್ದೆ ನುಂಗಿದರು. ಅಕ್ಕ ಕೂಡ ಸುಮ್ಮನಾದಳು.

ಮತ್ತೆ ಹೋದ ದಿನ, ಭಾವ ಒಳಗೆ ಮಿಷನ್ನಿನ ಕೆಳಗೆ ಮಲಗಿದ್ದಾಗ, ಡಾಕ್ಟರು ನನ್ನನ್ನು ಕರೆದರು. ಬೈಯಲಿಲ್ಲ. ಬಿಟ್ಟ ದಿನಗಳಲ್ಲಿ ಉಳಿದ ರೋಗ ಮತ್ತೆ ಬೆಳೆದುಕೊಳ್ಳುತ್ತದೆ, ಹದಿನೆಂಟಕ್ಕೆ ಹನ್ನೆರಡು ಸೇರಿಸಿದರೆ ಇಲ್ಲಿ ಮೂವತ್ತಾಗುವುದಿಲ್ಲ ಎಂದರು. "ಬಿಡೋಕ್ ಮುಂಚೆ ನೀವಾದ್ರೂ ಒಂದು ಮಾತು ಕೇಳಬಹುದಿತ್ತು ಸರ್."

ಭಾವ ಕತ್ತಿಗೆ ಟವೆಲು ಸುತ್ತಿಕೊಳ್ಳುತ್ತಾ ಹೊರಗೆ ಬಂದರು. "ಏನಂದ್ರುಲಾ?"

"ಇನ್ನು ಹನ್ನೊಂದು ಅಂದ್ರು ಭಾವ."

ಆ ಹನ್ನೊಂದರಲ್ಲಿ ಒಂದನ್ನೂ ತಪ್ಪಿಸಲಿಲ್ಲ. ದೀಪಾವಳಿ ಕಳೆದ ಮೇಲೆ ಕಿವಿಯ ಕೆಳಗೆ ಗಂಟು ಎದ್ದಿತು. ಅದೇ ಜಾಗಕ್ಕೆ ಮತ್ತೆ ಕರೆಂಟು ಕೊಡಲು ಬರುವುದಿಲ್ಲವೆಂದು ನೋವಿನ ಮಾತ್ರೆ ಬರೆದುಕೊಟ್ಟು ಕಳಿಸಿದರು. ಶಿವರಾತ್ರಿಗೆ ನಾಲ್ಕು ದಿನ ಮುಂಚೆ, ಮಧ್ಯಾಹ್ನ, ಭಾವ ತೀರಿಕೊಂಡರು.