ಖಾಲಿ ಬಿಟ್ಟ ಅರ್ಧ ಹಾಳೆ

ಐವತ್ತೈದನೇ ಇಸವಿಯೋ ಐವತ್ತಾರೋ, ಖಚಿತವಿಲ್ಲ. ಗುಂಡ್ಲುಪೇಟೆಯ ಶಾಲೆಯಲ್ಲಿ ನಾನು ಮೇಷ್ಟ್ರಾಗಿ ಆರು ವರ್ಷವಾಗಿತ್ತು. ಬಿಡಬೇಕೆಂದು ಐದು ವರ್ಷದಿಂದ ಯೋಚಿಸುತ್ತಿದ್ದೆ. ಮೈಸೂರಿನಲ್ಲಿ ತತ್ತ್ವಶಾಸ್ತ್ರ ಓದಿ ಬಂದವನಿಗೆ ದಿನವೂ ಮಗ್ಗಿ ಒಪ್ಪಿಸಿಕೊಳ್ಳುವುದು ಸಾಕಾಗಿತ್ತು. ಆಗೊಂದು ಸುತ್ತೋಲೆ ಬಂತು: ಹಳ್ಳಿಗಳಲ್ಲಿ ವಯಸ್ಕರ ಶಿಕ್ಷಣ ನೋಡಿಕೊಳ್ಳಲು ಮೇಷ್ಟ್ರುಗಳಲ್ಲೇ ಒಬ್ಬರನ್ನು ಆರಿಸುತ್ತಾರೆ. ಈವರೆಗಿನ ಕೆಲಸದಿಂದ ಏನು ಕಲಿತಿದ್ದೀರಿ ಎಂಬುದನ್ನು ಒಂದು ಹಾಳೆಯಲ್ಲಿ, ಇಂಗ್ಲಿಷಿನಲ್ಲಿ, ಬರೆದು ಅರ್ಜಿಗೆ ಸೇರಿಸಬೇಕು.

ನಮ್ಮ ಶಾಲೆಯಿಂದ ಅರ್ಜಿ ಹಾಕಿದವರು ಇಬ್ಬರು. ನಾನು, ಮತ್ತು ಕುದೇರಿನ ಒಕ್ಕಲು ಮನೆಯಿಂದ ಬಂದಿದ್ದ, ಪದವಿಯಿಲ್ಲದ ಇನ್ನೊಬ್ಬ ಮೇಷ್ಟ್ರು. ಅವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಸಂತೆಯಲ್ಲಿ ಜನ ಅವನನ್ನು ನಿಲ್ಲಿಸಿ ಮಾತಾಡಿಸುತ್ತಿದ್ದರು. ನನಗೆ ದಾರಿ ಬಿಡುತ್ತಿದ್ದರು, ಅಷ್ಟೆ.

ಒಂದು ಸಂಜೆ, ಶಾಲೆ ಬಿಟ್ಟ ಮೇಲೆ, ಅವನು ಬಂದು ಪಕ್ಕದಲ್ಲಿ ಕೂತ.

"ನಂದೂ ನೀವೇ ಬರ್ದುಕೊಟ್ಬುಡಿ ಮೇಷ್ಟ್ರೆ. ನನ್ ಇಂಗ್ಲಿಸ್ ಓದುದ್ರೆ ಅವ್ರಿಗೆ ಊಟ ಸೇರಕಿಲ್ಲ."

"ಏನು ಕಲಿತಿದ್ದೀಯ, ಹೇಳಯ್ಯ."

ಮೊದಲು ಹೇಳಿದ್ದೆಲ್ಲ ಸಾಧಾರಣ. ಆಮೇಲೆ ಪುಣಜನೂರಿಗೆ ಬಂದ. ಆ ಕಾಡಂಚಿನ ಊರಿನ ಶಾಲೆಯಲ್ಲಿ ಅವನು ನಾಲ್ಕು ವರ್ಷ ಇದ್ದ.

"ರಾಗಿ ತೆನೆ ಕಟ್ಟುದ್ರೆ ಅಲ್ಲಿ ಆನೆ ಕಾಟ ಕಣ್ ಮೇಷ್ಟ್ರೆ. ಐಕ್ಳು ರಾತ್ರಿಯೆಲ್ಲ ಅಪ್ಪಂದಿರ ಜೊತೆ ಅಟ್ಟಣೆ ಮ್ಯಾಲೆ ಕಾವ್ಲು ಕುಂತು, ಬೆಳಿಗ್ಗೆ ಬಂದು ತೂಕಡಿಸ್ತಿದ್ವು. ಮೊದಲ್ನೇ ವರ್ಸ ಬೆತ್ತ ತಕ್ಕಂಡು ಒಡೆದೆ. ಬರಾದೇ ನಿಲ್ಸ್‌ಬುಟ್ವು. ಕೊನೆಗೆ ನಾನೇ ಒಂದ್ ರಾತ್ರಿ ಅಟ್ಟಣೆ ಅತ್ತಿ ಕುಂತೆ. ಬೆಳಿಗ್ಗೆ ಪಾಠ ಸುರು ಮಾಡುದ್ರೆ ನಂಗೇ ನಿದ್ದೆ. ಅವತ್ತಿಂದ ಮೊದಲ್ನೇ ಗಂಟೆ ಎಲ್ರೂ ಮಲಗಾದು, ಆಮ್ಯಾಕೆ ಪಾಠ."

"ನೀನೂ ಮಲಗುತ್ತಿದ್ದೆಯಾ?"

"ಕುಂತ್ಕಂಡೇ ಮಲಗ್ತಿದ್ದೆ. ಮೇಷ್ಟ್ರಲ್ವಾ."

ನಕ್ಕೆ. ನಗು ಮುಗಿಯುವ ಮೊದಲೇ ನಾನು ಬರೆದಿಟ್ಟಿದ್ದ ಹಾಳೆ ನೆನಪಾಯಿತು. ಅದರಲ್ಲಿ ಬೋಧನಾಕ್ರಮ, ಶಿಸ್ತು, ಮಕ್ಕಳ ಮನಃಶಾಸ್ತ್ರ, ಎಲ್ಲ ಇತ್ತು. ಆರು ವರ್ಷದಲ್ಲಿ ನಾನು ತಪ್ಪೆಂದು ಕಂಡು ತಿದ್ದಿಕೊಂಡದ್ದು ಯಾವುದೂ ಇರಲಿಲ್ಲ.

ಮರುದಿನ ಅವನ ಹಾಳೆಯನ್ನು ಅಂದವಾಗಿ ಬರೆದುಕೊಟ್ಟೆ. ಕೊನೆಯ ಸಾಲಿನಲ್ಲಿ ಪುಣಜನೂರು, ನಾಲ್ಕು ವರ್ಷ ಎಂದಷ್ಟೇ ಇತ್ತು. ಅಷ್ಟರಲ್ಲಿ ಹಾಳೆ ತುಂಬಿತ್ತು, ಅಟ್ಟಣೆಗೆ ಜಾಗವಿರಲಿಲ್ಲ. ಹಾಗೆಂದೇ ನನ್ನ ನೆನಪು. ಅವನಿಗೆ ಓದಿ ಹೇಳಿದೆನೇ ಇಲ್ಲವೇ, ಗೊತ್ತಿಲ್ಲ.

ಸಂದರ್ಶನಕ್ಕೆ ಚಾಮರಾಜನಗರಕ್ಕೆ ಒಂದೇ ಬಸ್ಸಿನಲ್ಲಿ ಹೋದೆವು. ಮೊದಲು ನನ್ನನ್ನು ಕರೆದರು. ಅಧಿಕಾರಿ ನನ್ನ ಹಾಳೆಯನ್ನು ಕೊನೆಯವರೆಗೆ ಓದಿ, "ಎಲ್ಲವನ್ನೂ ಬರೆದುಬಿಟ್ಟಿದ್ದೀರಿ, ಕೇಳುವುದೇನೂ ಇಲ್ಲ" ಎಂದರು. ಹೊಗಳಿಕೆ ಎಂದುಕೊಂಡು ಹೊರಗಿನ ಬೆಂಚಿನ ಮೇಲೆ ಕೂತೆ. ಅವನು ಒಳಗೆ ಹೋದ ಸ್ವಲ್ಪ ಹೊತ್ತಿಗೆ ನಗು ಕೇಳಿಸಿತು. ಅವನನ್ನು ನೋಡಿ ನಗುತ್ತಿದ್ದಾರೆಂದು ನನಗೆ ಹಿತವಾಯಿತು. ನಗು ಮತ್ತೆ ಮತ್ತೆ ಬಂತು. ಅದರಲ್ಲಿ ಅವನ ನಗುವೂ ಇತ್ತು.

ಬಹಳ ಹೊತ್ತಿನ ಮೇಲೆ ಹೊರಗೆ ಬಂದ.

"ಪುಣಜನೂರಲ್ಲಿ ನಾಲ್ಕು ವರ್ಸ ಏನ್ ಮಾಡ್ದೆ, ಕೆಳಗೆ ಅರ್ಧ ಹಾಳೆ ಖಾಲಿ ಬುಟ್ಟಿದ್ದೀಯಲ್ಲ ಅಂದ್ರು. ಆನೆಯಿಂದ ಸುರು ಮಾಡ್ದೆ, ನಿಲ್ಸಕ್ಕೇ ಬುಡ್ನಿಲ್ಲ. ಅವ್ರು ಕೇಳ್ಲಿ ಅಂತ್ಲೇ ಜಾಗ ಬುಟ್ಟಿದ್ರಿ ಅಲ್ವಾ ಮೇಷ್ಟ್ರೆ? ನಿಮ್ ತಲೆ ನಂಗೆ ಬರಕಿಲ್ಲ ಬುಡಿ."

"ಹೂಂ" ಎಂದೆ.

ಕೆಲಸ ಅವನಿಗೇ ಸಿಕ್ಕಿತು. ಅರ್ಧ ಹಾಳೆ ಎಂದದ್ದು ಅವನು ಸೇರಿಸಿದ ಉಪ್ಪುಖಾರವೂ ಇರಬಹುದು, ಅವನಿಗೆ ಆ ಗುಣವಿತ್ತು. ಇಲ್ಲದಿದ್ದರೆ ಅವನ ಹಾಳೆ ತುಂಬಿತ್ತೆಂಬ ನೆನಪು ನಾನೇ ಕಟ್ಟಿಕೊಂಡದ್ದು.

ಎರಡು ವರ್ಷದ ಮೇಲೆ ಇನ್ನೊಂದು ಕೆಲಸಕ್ಕೆ ಅರ್ಜಿ ಹಾಕಲು ಮತ್ತೆ ಹಾಳೆ ಹಿಡಿದು ಕೂತೆ. ನಾನು ಏನು ಕಲಿತಿದ್ದೇನೆ ಎಂದು ಯೋಚಿಸಿದೆ. ತಲೆಗೆ ಬಂದದ್ದು ಅಟ್ಟಣೆ, ಮೊದಲ ಗಂಟೆಯ ನಿದ್ದೆ. ನನ್ನದೇ ಎಂಬಂತೆ ನಾಲ್ಕು ಸಾಲು ಬರೆದೂಬಿಟ್ಟಿದ್ದೆ. ಆಮೇಲೆ ಹರಿದುಹಾಕಿದೆ. ಹರಿದುಹಾಕಿದೆನೆಂದೇ ನೆನಪು.